ಪನ್ನು

ತೀನ್ ಕಂದೀಲಿನ ಹಿಂದೆ, ಹೊಲಿಗೆ ಮಷಿನ್ ರಿಪೇರಿ ಅಂಗಡಿಯ ಮೇಲೆ
ಗೌಸ್ ಮೊದ್ದೀನ್ ಸಾಹೇಬರ ತೆರಿಗೆ ಕಚೇರಿ.
ಹದಿನಾಲ್ಕು ಮೆಟ್ಟಿಲು. ಕೊನೆಯದಕ್ಕೆ ಅರ್ಧ ಕಲ್ಲಿಲ್ಲ.
ಎರಡು ಪಗಾರ ಚೀಟಿ ಮೇಜಿನ ಮೇಲಿಟ್ಟೆ:
ಒಂದು ಗದ್ವಾಲದ ಆಸ್ಪತ್ರೆಯದು, ಒಂದು ಇಲ್ಲಿಯದು,
ಎರಡೂ ಸೆಪ್ಟೆಂಬರ್.
ಎರಡರಲ್ಲೂ ಇನ್ನೂರು ಹೋಗಿದೆ.

ಗದ್ವಾಲದ ಲೆಕ್ಕದ ಹುಡುಗಿ ಪೆನ್ನಿನಲ್ಲಿ ಬರೆದಿದ್ದಳು,
ವೃತ್ತಿ ಪನ್ನು.
ತೆಲುಗು ಅಕ್ಷರಕ್ಕೆ ತಲೆಕಟ್ಟೇ ಟಿಕ್ ಗುರುತು,
ಬರೆಯುವಾಗಲೇ ಯಾರೋ ಲೆಕ್ಕ ತಾಳೆ ನೋಡಿ ಸರಿ ಹಾಕಿದಂತೆ.
ಪನ್ನು ಅಂದರೆ ಅಲ್ಲಿ ತೆರಿಗೆ,
ಪನ್ನು ಅಂದರೆ ಹಲ್ಲು ಕೂಡ.
ಏಳು ವರ್ಷ ಅದು ನೋಯಲಿಲ್ಲ.
ಈಗ ಸೆಪ್ಟೆಂಬರನ್ನು ಕೈಯಲ್ಲಿ ಹಿಡಿದರೆ
ಎರಡೂ ಕಡೆ ಕಚ್ಚಿದ ಪೇರಲ.

ಹನ್ನೊಂದರ ತನಕ ಅಲ್ಲಿ ರಕ್ತ ತೆಗೆದೆ,
ಹದಿಮೂರರಿಂದ ಇಲ್ಲಿ.
ಹನ್ನೆರಡಕ್ಕೆ ಟ್ರಾಲಿ ಆಟೋದಲ್ಲಿ
ನಾನು, ಗ್ಯಾಸ್ ಸಿಲಿಂಡರು, ಮಗಳ ಸೈಕಲ್ಲು,
ಕುಂಡದಲ್ಲೊಂದು ಕರಿಬೇವು.
ನಡುವೆ ಹೊಳೆಯಿಲ್ಲ. ಕೃಷ್ಣೆ ಬಡಗಲಿಗೆ, ತುಂಗಭದ್ರೆ ತೆಂಕಲಿಗೆ,
ಎರಡರ ನಡುವೆ ಒಂದೇ ಎಡೆದೊರೆ,
ಅವರ ಬಾಯಲ್ಲಿ ನಡಿಗಡ್ಡ.
ಗಡಿ ಹತ್ತಿ ಹೊಲದಲ್ಲಿ ಎಲ್ಲೋ ಇದೆ;
ಡಾಂಬರಿನ ಬಣ್ಣ ಬದಲಾದಾಗ
ಡ್ರೈವರ್ ತಾಯಣ್ಣ "ಬಂತು" ಅಂದ, ಅಷ್ಟೇ.
ಆ ದಿನ ನಾನು ಯಾರಿಗೂ ದುಡಿಯಲಿಲ್ಲ.
ಆ ದಿನದ ತೆರಿಗೆ ಯಾರಿಗೆ, ಸಾಹೇಬ್?

ಅವರು ಕನ್ನಡಕ ಹಣೆಗೇರಿಸಿದರು.
"ತಲಿ ಎಲ್ಲಿ ಮಲಗ್ತದ ಅಂತ ಕೇಳಂಗಿಲ್ಲಮ್ಮ ಅವರು,
ಕೈ ಎಲ್ಲಿ ದುಡೀತದ ಅಂತ ಕೇಳ್ತಾರ.
ನಿನ್ನ ಕೈ ಎರಡೂ ಕಡೆ ಇತ್ತಲ್ಲ."

ಇತ್ತು. ಎರಡೂ ಕಡೆ ಒಂದೇ ಸೂಜಿ ಅಳತೆ, ಒಂದೇ ಹತ್ತಿ.
ತಾರೀಖಿಲ್ಲದ ಟ್ಯೂಬು ಬಂದರೆ ನಾನು ವಾಪಸ್ ಕಳಿಸುತ್ತೇನೆ.
ಸರಕಾರಕ್ಕೆ ತಾರೀಖು ಬೇಡ, ತಿಂಗಳು ಸಾಕು.

ಆಯಿ ಹೇಳುತ್ತಿದ್ದಳು:
ಆದೋನಿಯಿಂದ ಮದುವೆಯಾಗಿ ತುಂಗಭದ್ರೆ ದಾಟಿದಾಗ
ನಿಜಾಮರ ಕರೋಡಗಿರಿ ನಾಕಾದವನು
ಹರಗೋಲಿನಿಂದ ಇಳಿದ ಹಿತ್ತಾಳೆ ಕೊಡ ಎಣಿಸುತ್ತಿದ್ದನಂತೆ.
ಹೊಸದಕ್ಕೆ ಸುಂಕ, ಹಳೆಯದಕ್ಕಿಲ್ಲ.
ಹಿಂದಿನ ರಾತ್ರಿಯೇ ಅವಳಪ್ಪ ಆಚೆ ದಂಡೆಯಲ್ಲಿ ಕೂತು
ಕೊಡಗಳಿಗೆಲ್ಲ ಮಸಿ ಬಳಿದ.
ಹನ್ನೆರಡರ ಹುಡುಗಿ ಮಸಿಗೈಯಲ್ಲೇ
ಅತ್ತೆಯ ಹೊಸ್ತಿಲು ಹಿಡಿದು ಒಳಗೆ ಬಂದಳು.
ಆಮೇಲೆ ಎಲ್ಲಿಗೂ ಹೋಗಲಿಲ್ಲ.
ಹೈದರಾಬಾದು ಹೋಯಿತು, ಮೈಸೂರು ಬಂತು,
ಮೈಸೂರು ಹೋಗಿ ಕರ್ನಾಟಕ ಬಂತು,
ಅವಳ ಕಟ್ಟೆಯ ಮುಂದೆ ಹಾಯುವ
ಬಸ್ಸಿನ ಬೋರ್ಡುಗಳ ಹಾಗೆ.

ಸಾಹೇಬರು ಕಿಟಕಿಯಿಂದ ಬಗ್ಗಿ ನೋಡಿದರು.
"ಆ ಸ್ಕೂಟಿ ನಿಂದೇನು? ನಂಬರು ಅಲ್ಲೀದು ಐತಿ.
ಅದಕ್ಕೂ ಇಲ್ಲಿ ರೋಡ್ ಟ್ಯಾಕ್ಸ್ ಕಟ್ಟಬೇಕಾಗ್ತದ."
ಈ ರೋಡಿಗಾ?
"ಹೂಂ, ಈ ರೋಡಿಗೇ."
ಇಬ್ಬರೂ ಒಂದಿಷ್ಟು ಹೊತ್ತು ರೋಡು ನೋಡಿದೆವು.
ಒಂದು ಎಮ್ಮೆ ಗುಂಡಿಯಲ್ಲಿ ಇಳಿದು ಮತ್ತೆ ಹತ್ತಿತು.

"ಇನ್ನೂರು ವಾಪಸ್ ಬೇಕಂದ್ರ ಅರ್ಜಿ ಬರೀತೀನಿ.
ಎರಡು ಸಲ ಗದ್ವಾಲಕ್ಕ ಹೋಗಬೇಕು.
ರೈಲಿಗೆ, ಆಟೋಕ್ಕ, ಚಾಕ್ಕ. ನೀನೇ ಲೆಕ್ಕ ಹಾಕು."
ಹಾಕಿದೆ. ಬೆರಳು ಮೂರಕ್ಕೇ ನಿಂತಿತು.
ಬರೀರಿ, ಅಂದೆ.

ಅವರು ಹಾಳೆಯ ಮೇಲೆ ದಿನಾಂಕ ಹಾಕಿ ಕಾದರು.
"ಯಾವೂರಾಕಿ ಅಂತ ಬರೀಲಿ?"
ಹಳೇ ಕೊಡ ಅಂತ ಬರೀರಿ ಸಾಹೇಬ್,
ಸುಂಕ ಇಲ್ಲದ್ದು.

ಅವರು ನಗಲಿಲ್ಲ.
ಈಗಿರುವ ಬಾಡಿಗೆ ಮನೆ ನಂಬರು ಕೇಳಿ ಬರಕೊಂಡರು,
ಐವತ್ತು ರೂಪಾಯಿ ಇಸಕೊಂಡು ಡ್ರಾವರಿಗೆ ಹಾಕಿದರು.
ರಸೀದಿ ಕೊಡಲಿಲ್ಲ.