ಹದಿನೇಳನೆಯ ಅರ್ಜಿ

ಭದ್ರಾವತಿಯ ತಾಲ್ಲೂಕು ಕಚೇರಿ ಎದುರು
ಜೆರಾಕ್ಸ್ ಅಂಗಡಿಯ ಜಗುಲಿಯ ಮೇಲೆ
ಮೂವತ್ತೊಂದು ವರ್ಷದಿಂದ ಅರ್ಜಿ ಬರೆಯುತ್ತೇನೆ.
ಪಹಣಿ, ಪೋಡಿ, ವಿಧವಾ ವೇತನ, ಕಳೆದುಹೋದ ರೇಷನ್ ಕಾರ್ಡು.
ದಾರಿ ಕೇಳಿ ಬಂದವರೂ ಬಹಳ:
ತಮ್ಮ ಗದ್ದೆಗೆ, ತಮ್ಮ ಬಾವಿಗೆ, ತಮ್ಮವರ ಸುಡುಗಾಡಿಗೆ.
ಯಾರು ಬೇಕಾದರೂ ನಡೆಯುವ ದಾರಿ ಬೇಕೆಂದು
ಮೊದಲು ಬಂದವರು ಫಿಲೋಮಿನಾ ಟೀಚರ್.
ರಿಟೈರಾಗಿ ಆರು ವರ್ಷ,
ಕೊರಳಲ್ಲಿನ್ನೂ ಡ್ರಿಲ್ ಕ್ಲಾಸಿನ ಸೀಟಿ.

ವಿಷಯ? ಅಂದೆ, ಪೆನ್ನು ಬಿಚ್ಚಿ.
ರೈಲು, ಅಂದರು.
ಯಾವ ರೈಲು?
ಇಲ್ಲದ್ದು.

ಕಾಡಿನಿಂದ ಮರ ಹೊತ್ತು ಬರುತ್ತಿದ್ದ ಪುಟ್ಟ ಟ್ರಾಮು,
ಎರಡಡಿ ಅಗಲ, ಹನ್ನೊಂದು ಮೈಲಿ.
ನಿಂತಿತು. ಹಳಿ ಕಿತ್ತರು. ಲಂಟಾನ ಬಂತು.
ಹಳೇ ನಕಾಶೆಯಲ್ಲಿ ಮಾತ್ರ
ಹೊಲಿಗೆ ಹಾಕಿದ ಗಾಯದಂತೆ ಒಂದು ಗೆರೆ.

ಅರ್ಜಿ ಒಂದು, ಅರಣ್ಯ ಇಲಾಖೆಗೆ.
ಉತ್ತರ: ಸದರಿ ಜಾಗ ಕಂದಾಯದ್ದು.
ಅರ್ಜಿ ಎರಡು, ಕಂದಾಯಕ್ಕೆ.
ಉತ್ತರ: ಸದರಿ ಜಾಗ ರೈಲ್ವೆಯದ್ದು.
ಮೂರನೆಯದಕ್ಕೆ ರೈಲ್ವೆಯವರು:
ಅಂಥ ಮಾರ್ಗವೇ ನಮ್ಮ ಕಡತದಲ್ಲಿಲ್ಲ.
ನನಗೆ ನಾಚಿಕೆಯಾಯಿತು, ಹತ್ತು ರೂಪಾಯಿ ವಾಪಸು ಹಿಡಿದೆ.
ಟೀಚರ್ ನಕ್ಕರು.
"ಯಾರದ್ದೂ ಅಲ್ಲ ಅಂತ ಮೂರು ಮೊಹರು ಬಿತ್ತಲ್ಲ,
ಇನ್ನು ಕತ್ತಿ ತರಬಹುದು."

ಭಾನುವಾರ ಐದೇ ಜನ.
ತಾಂಡಾದ ಸೋಮ್ಲಿಬಾಯಿ, ಎರಡು ಕುಡುಗೋಲು ಹಿಡಿದು.
ಪಂಕ್ಚರ್ ಅಂಗಡಿಯ ದಾದಾಪೀರ್.
ಗ್ಯಾಂಗ್‌ಮನ್ ಮುನಿಯಾಂಡಿಯ ಮಗ ಸೆಲ್ವ,
ಅಪ್ಪನ ಹೆಜ್ಜೆಯಳತೆ ಅವನ ಕಾಲಲ್ಲಿತ್ತು:
ಸ್ಲೀಪರಿನಿಂದ ಸ್ಲೀಪರಿಗೆ ಮೊಳದ ಮೇಲೆ ಚೂರು.
ಇಬ್ಬರು ಕಾಲೇಜು ಹುಡುಗಿಯರು ಇಂಬಳಕ್ಕೆ ಹೆದರಿ ಓಡಿದವರು
ಮರುವಾರ ಬಂದರು, ಹೊಗೆಸೊಪ್ಪು ಸುಣ್ಣ ಕಟ್ಟಿಕೊಂಡು.

ಹಳಿ ತಪ್ಪಿದವರು, ಅಂದಿತು ಊರು.
ಅದನ್ನೇ ಸಂಘದ ಹೆಸರು ಮಾಡಿ ಅಂದರು ಟೀಚರ್.
ನೋಂದಣಿಗೆ ನಾನೇ ಬರೆದೆ. ಅರ್ಜಿ ಒಂಬತ್ತು.

ದಾರಿ ಸಿಕ್ಕಿತು, ಹಳಿ ಸಿಗಲಿಲ್ಲ.
ಆಮೇಲೆ ಕಣ್ಣಿಗೆ ಬೀಳತೊಡಗಿತು ಒಂದೊಂದೇ ತುಂಡು:
ಶಾಲೆಯ ಗಂಟೆಯಾಗಿ,
ಮಸೀದಿ ಹಿಂದಿನ ಚರಂಡಿಗೆ ಅಡ್ಡ ಹಾಕಿದ ದಾಟಾಗಿ,
ಕರಿಬಸಪ್ಪನ ಕೊಟ್ಟಿಗೆಯ ತೊಲೆಯಾಗಿ.
ಸ್ಲೀಪರುಗಳು ಎಂದೋ
ಬಾಣಂತಿಯರ ಹಂಡೆ ಕಾಯಿಸಿ ಬೂದಿಯಾಗಿದ್ದವು.
ಯಾರನ್ನೂ ಏನನ್ನೂ ವಾಪಸು ಕೇಳಲಿಲ್ಲ ಟೀಚರ್.
ತಟ್ಟಿ ನೋಡಿದರು, ಅಷ್ಟೇ.
ಸದ್ದು ಎಲ್ಲದರದ್ದೂ ಒಂದೇ.

ಕರಿಬಸಪ್ಪನ ತಿಪ್ಪೆ ಮಾತ್ರ ನಡುದಾರಿಯಲ್ಲೇ.
"ನಾನು ಸತ್ತ ಮೇಲೆ ನಡೀರಿ" ಅಂದ.
ಮೂರು ವಾರ ಕೆಲಸ ನಿಂತಿತು. ಸೆಲ್ವ ಹಲ್ಲು ಕಚ್ಚಿದ.
ಕೊನೆಗೆ ಟೀಚರ್ ಸೀಟಿ ಊದಿ
ಗುದ್ದಲಿಯವರನ್ನು ಎಡಕ್ಕೆ ಹೊರಳಿಸಿದರು.
ತಿಪ್ಪೆಯ ಸುತ್ತ ಅರ್ಧಚಂದ್ರ:
ಯಾವ ರೈಲೂ ಅಷ್ಟು ಸಣ್ಣ ತಿರುವು ತಿರುಗಲಾರದು.
ಈಗಲೂ ಅಲ್ಲಿ ಮೂಗು ಮುಚ್ಚಿಯೇ ನಡೆಯಬೇಕು.
ಕರಿಬಸಪ್ಪ ಕಟ್ಟೆ ಮೇಲೆ ಕೂತು
ಬಂದವರ ಲೆಕ್ಕ ಹಿಡಿಯುತ್ತಾನೆ, ಯಾಕೆಂದು ಹೇಳುವುದಿಲ್ಲ.

ಇಷ್ಟು ಬರೆದ ನಾನು ಅಲ್ಲಿ ಕಾಲಿಟ್ಟದ್ದು ಮೊನ್ನೆ.
ನಾಲ್ಕನೇ ಮೈಲಿಗೆ ಮಂಡಿ ಸೋತು
ಮಣ್ಣಿನಲ್ಲೇ ಕೂತೆ. ಅಂಗೈಗೆ ಏನೋ ಚುಚ್ಚಿತು.

ರವರಿಗೆ,
ಸಂಬಂಧಪಟ್ಟವರು ಯಾರೋ, ಅವರಿಗೆ.
ವಿಷಯ: ನಾಲ್ಕನೇ ಮೈಲಿಯಲ್ಲಿ ಒಂದು ಕಲ್ಲುಬೆಂಚು ಕೋರಿ.
ಅರ್ಜಿದಾರ: ಈ ಸಲ ಬರೆದವನೇ.
ಲಗತ್ತು: ತುಕ್ಕು ಹಿಡಿದ ಹಳಿಮೊಳೆ, ಒಂದು.
ಫೈಲಿಗೆ ಟ್ಯಾಗು ಹಾಕಲು ಬಾರದು.
ಮೇಜಿನ ಮೇಲಿಡಿ,
ಫ್ಯಾನು ತಿರುಗುವಾಗ ಕಾಗದ ಹಾರದ ಹಾಗೆ.