ಎಡಗೈ ಎಣ್ಣಿ

ಬ್ಯಾಡಗಿಯ ಮಾರುಕಟ್ಟೆ ಹಿಂದಿನ ಓಣಿಯಲ್ಲಿ
ಗಾಳಿಗೂ ಕೆಂಪು ಬಣ್ಣ.
ಬಸ್ಸಿಳಿದು ಬಂದವಳು ನಮಸ್ಕಾರಕ್ಕಿಂತ ಮೊದಲು ಸೀನಿದೆ,
ಏಳು ಸಲ.
ತಟ್ಟಿನ ಮೇಲೆ ಕೂತು ತುಂಬು ಮುರಿಯುತ್ತಿದ್ದ ಹೆಂಗಸರು
ಕೈ ನಿಲ್ಲಿಸದೆ ನಕ್ಕರು:
“ಸೀನೂದು ಮುಗೀಲಿ ಅಕ್ಕಾರ, ಆಮ್ಯಾಲ ಬರಕೋರಿ.”

ಹುಬ್ಬಳ್ಳಿಯ ಔಷಧ ಕಾಲೇಜು ಕೊಟ್ಟ ಹಾಳೆ.
ಅದರಲ್ಲಿ ನಾಲ್ಕು ಅಂಕಣ:
ಹೆಸರು, ಉರಿ, ಮದ್ದು, ಪುರಾವೆ.
ಉರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು.
“ಹತ್ತಕ್ಕ ಯಾಕ ನಿಲ್ಲಸೀರಿ?” ಎಂದಳು ಹನಮವ್ವ.
ನನ್ನ ಬಳಿ ಉತ್ತರವಿರಲಿಲ್ಲ. ಹತ್ತು ಅಂತ ಬರೆದೆ.

ಲೋಳಸರ ಅಂದಳು ದಾವಲಬಿ, ಸಿಪ್ಪಿ ಸುಲಿದು
ತಣ್ಣನ ಗಡಿಗಿ ಕೆಳಗ ಇಟ್ಟಿದ್ದು.
ಬೇವಿನ ತಪ್ಪಲ ಕುದಿಸಿದ ನೀರು ಅಂದಳು ಇನ್ನೊಬ್ಬಳು.
ಕರಿಕಿ ಅರೆದು. ಹುಳಿ ಮಜ್ಜಿಗಿ. ಒಲಿ ಬೂದಿ.
ಅರಿಷಿಣ, ಎಲ್ಲದಕ್ಕೂ ಅರಿಷಿಣ.
ಒಬ್ಬಾಕೆ ಪಿಸುಗುಟ್ಟಿದಳು: ಉಪ್ಪು ನಿವಾಳಿಸಿ ಒಲಿಗೆ ಒಗದ್ರ
ಚಟಚಟ ಅಂದಷ್ಟೂ ಉರಿ ಇಳೀತೈತಿ.
ಅದನ್ನೂ ಬರೆದೆ. ಪೆನ್ನು ಮಾತ್ರ ಸ್ವಲ್ಪ ತಡೆಯಿತು.

ರಾತ್ರಿ ಖೋಲಿಯಲ್ಲಿ ಕೂತು ಪುರಾವೆ ಹುಡುಕಿದೆ.
ಬೇವು ಗಾಜಿನ ಬಟ್ಟಲಲ್ಲಿ ಸೂಕ್ಷ್ಮಾಣುಗಳನ್ನು ಕೊಂದಿತ್ತು,
ನಿಜ. ಆದರೆ ಆ ಬಟ್ಟಲಿಗೆ
ಬೆರಳುಗಳಿರಲಿಲ್ಲ, ಸಂಜೆ ಹಿಟ್ಟು ನಾದುವುದಿರಲಿಲ್ಲ.
ಲೋಳೆಸರದ ಮೇಲೆ ಸಣ್ಣ ಸಣ್ಣ ಪ್ರಯೋಗ,
ಹೆಚ್ಚಿನವು ಬೆಂಕಿ ತಾಗಿದ ಗಾಯದವು.
ಮೆಣಸಿನಕಾಯಿಯಲ್ಲಿ ಬೆಂಕಿಯಿಲ್ಲ,
ಇದೆಯೆಂದು ನರಕ್ಕೆ ಸುಳ್ಳು ಹೇಳುತ್ತದೆ ಅಷ್ಟೆ.
ಅರಿಷಿಣದ ಎದುರಿಗೆ ಪ್ರಶ್ನೆಯ ಕೊಕ್ಕೆ ಹಾಕಿದೆ;
ಹಾಳೆಯ ಮೇಲೆ ಅದಾಗಲೇ ಯಾರದೋ ಹಳದಿ ಬೆರಳಚ್ಚು.

ಮರುದಿನ ಗುತ್ತೆವ್ವ ಕರೆದಳು,
ಎಪ್ಪತ್ತರ ಆಸುಪಾಸು, ಸಾಲಿ ಕಟ್ಟೆ ಹತ್ತದಾಕೆ.
“ನಿಮ್ಮ ಹಾಳಿಗಿ ನಂದೂ ಒಂದು ಇರಲಿ.
ಹ್ವಾದ ವರ್ಷ ಎಂಟು ದಿನ
ಎಡಗೈಗೆ ಕುಸುಬಿ ಎಣ್ಣಿ, ಬಲಗೈಗೆ ಬರೇ ನೀರು.
ಇನ್ನೆಂಟು ದಿನ ಅದಲಿ ಬದಲಿ ಮಾಡಿದೆ.
ಯಾಕಂದ್ರ ಬಲಗೈ ಜಾಸ್ತಿ ದುಡೀತೈತಿ,
ಅದರ ಮಾತು ಒಂದ ಕೇಳಿದ್ರ ನ್ಯಾಯ ಆಗೂದಿಲ್ಲ.”

ಪೆನ್ನು ಕೆಳಗಿಟ್ಟೆ.
ಎರಡು ವರ್ಷ ಪ್ರೊಫೆಸರ್ ಹಲಗೆಯ ಮೇಲೆ ಬರೆದು ಬರೆದು
ನನ್ನ ತಲೆಗೆ ಹೋಗದಿದ್ದದ್ದು ಇದೇ.

“ನೀರಿನ ಕೈ ರಾತ್ರಿಯೆಲ್ಲ ಮಲಗಲಿಲ್ಲ.
ಎಣ್ಣಿ ಕೈ ಮಲಗಿತು. ಖಾರಕ್ಕ ನೀರು ಕಂಡ್ರ ಆಗೂದಿಲ್ಲ,
ಎಣ್ಣಿ ಕಂಡ್ರ ಬೆನ್ನ ಹತ್ತಿ ಬರತೈತಿ.
ಹಂಗಂತ ಎಣ್ಣಿ ಹಂಗ ಬಿಡಬಾರದು,
ಸಾಬೂನ ಹಚ್ಚಿ ತೊಳೀಬೇಕು,
ಇಲ್ಲಾಂದ್ರ ಖಾರ ಮನೀತನಕ ಬಂದು ಉಣ್ಣಾಕ ಕುಂದರತೈತಿ.”

ಪುರಾವೆಯ ಅಂಕಣ ಬೆರಳಷ್ಟೇ ಅಗಲ.
ಹದಿನಾರು ದಿನ ಅದರಲ್ಲಿ ಹಿಡಿಯಲಿಲ್ಲ,
ಅಂಚಿಗೆ ಬರೆದೆ, ಹಾಳೆ ತಿರುವಿ ಬರೆದೆ.
ಒಬ್ಬಳೇ ಮುದುಕಿ, ಎರಡೇ ಕೈ ಎಂದು ಕಾಲೇಜು ನಗಬಹುದು.
ನಗಲಿ. ಇಲ್ಲಿಗೆ ಬಂದು, ಸೀನಿ, ಆಮೇಲೆ ನಗಲಿ.

ಕೈಗವಸು? ಕೇಳಿದೆ, ಕೇಳಲೇಬೇಕಿತ್ತು.
ಚೀಲಕ್ಕೆ ಇಷ್ಟೆಂದು ಕೂಲಿ; ರಬ್ಬರಿನ ಬೆರಳು
ತುಂಬಿನ ಕುತ್ತಿಗೆ ಹುಡುಕುವಷ್ಟರಲ್ಲಿ ಅರ್ಧ ಚೀಲ ಹೋಗುತ್ತದೆ.
ಎಲ್ಲಕ್ಕಿಂತ ಗಟ್ಟಿ ಪುರಾವೆಯ ಮದ್ದು
ಗೋಡೆಯ ಮೊಳೆಗೆ ತೂಗುಬಿದ್ದಿದೆ,
ಇನ್ನೂ ಹೊಸದು.

ಐದೂವರೆಗೆ ಚೀಲ ತೂಗಿ ಆಯಿತು.
ಸಾವಕ್ಕ ಎಣ್ಣೆ ತಿಕ್ಕಿದಳು, ಸಾಬೂನು ಹಚ್ಚಿದಳು, ಮತ್ತೆ ತಿಕ್ಕಿದಳು,
ಬೆರಳು ಮೂಸಿದಳು,
ತನ್ನ ತುಟಿಗೆ ಒತ್ತಿ, ಕಣ್ಣು ಮುಚ್ಚಿ, ಕಾದಳು.
ಆಮೇಲೆ ಹೊರಗೆ ಜಾಲಿ ನೆರಳಿಗೆ ಕಟ್ಟಿದ ಜೋಳಿಗೆಯಲ್ಲಿ
ನಾಲ್ಕು ತಿಂಗಳ ಕೂಸಿನ ಕೆನ್ನೆಗೆ
ಒಂದೇ ಒಂದು ಬೆರಳು, ಕಿರುಬೆರಳು.

ಎಲ್ಲರೂ ಸುಮ್ಮನೆ ನಿಂತೆವು, ತಕ್ಕಡಿಯವನೂ.

ಕೂಸು ಆಕಳಿಸಿತು.
“ಸೊನ್ನಿ ಬರಕೋರಿ,” ಎಂದಳು ಹನಮವ್ವ.