ಸೋಮನಾಥಪುರದ ಕಿಂಡಿ

ಬನ್ನೂರಿನ ಬಸ್ಸಿಳಿದು ಬಂದು
ಕಿಂಡಿಯ ಪಡಿ ಸರಿಸಿದರೆ
ಮೊದಲು ಒಳಬರುವುದು ಬಿಸಿಲು. ಅದಕ್ಕೆ ಚೀಟಿಯಿಲ್ಲ.
ಆಮೇಲೆ ನಾಯಿ. ಆಮೇಲೆ ಜನ.

ದರದ ಬೋರ್ಡು ನನ್ನ ನೆತ್ತಿಯ ಮೇಲಿದೆ, ನನಗೆ ಕಾಣದು,
ಕಾಣಬೇಕಾಗಿಯೂ ಇಲ್ಲ:
ನಮ್ಮವರಿಗೆ ಇಪ್ಪತ್ತೈದು, ಹೊರಗಿನವರಿಗೆ ಮುನ್ನೂರು.
ಹದಿನೈದು ತುಂಬದ ಮಕ್ಕಳಿಗೆ ಯಾವ ದೇಶವೂ ಇಲ್ಲ, ಪುಕ್ಕಟೆ.

ಹೊಸದರಲ್ಲಿ ಮುದ್ದುಮಾದಣ್ಣ ಹೇಳಿಕೊಟ್ಟಿದ್ದ:
"ಮೊಕ ನೋಡ್ಬೇಡ ಕಣ್ಲಾ, ಚಪ್ಪಲಿ ನೋಡು.
ಚಪ್ಪಲಿ ಸುಳ್ಳು ಹೇಳಕಿಲ್ಲ."
ಕಿಂಡಿ ಎದೆಮಟ್ಟಕ್ಕಿದೆ. ಚಪ್ಪಲಿ ಎಲ್ಲಿ ಕಂಡೀತು?
ಕಾಣುವುದು ಕೈ.
ಒಂಬತ್ತು ವರ್ಷದಿಂದ ಕೈ ನೋಡಿ ದರ ಹೇಳುತ್ತಿದ್ದೇನೆ,
ಜೋಯಿಸನ ಹಾಗೆ.

ಗೋಕುಲಂನಿಂದ ಸ್ಕೂಟರಿನಲ್ಲಿ ಬಂದ ಬಿಳಿ ಕೈ,
ಮಣಿಕಟ್ಟಿಗೆ ಬೆಟ್ಟದ ತಾಯಿಯ ಕೆಂಪು ದಾರ,
"ಅಣ್ಣಾ, ನಂಗೂ ಇಪ್ಪತ್ತೈದ್ ಮಾಡ್ಕೊಳ್ಳಿ,
ಆರ್ ವರ್ಷ ಆಯ್ತು ಮೈಸೂರಲ್ಲಿ ಬಾಡಿಗೆ ಕಟ್ತಾ" ಅಂದಿತು.
ನಕ್ಕೆ. ಮುನ್ನೂರರದನ್ನೇ ಹರಿದೆ.
ಅವಳೂ ನಕ್ಕಳು, ಅರ್ಧ.
"ನಮ್ ಓನರೂ ನಂಗೆ ಬೇರೆ ರೇಟೇ."
ಅದಕ್ಕೆ ಕೊಡಲು ನನ್ನಲ್ಲಿ ಚಿಲ್ಲರೆ ಇರಲಿಲ್ಲ.

ಸಿಂಹಳದವರು ಬಂದರೆ ನಮ್ಮವರು. ಭೂತಾನದವರೂ, ಬರ್ಮಾದವರೂ.
ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಪಟ್ಟಿಯಿದೆ,
ಕೆಳಗಿನ ಅಂಚು ಗೆದ್ದಲು ತಿಂದದ್ದು.
ದಿಲ್ಲಿಯಲ್ಲಿ ಯಾರೋ ಕೂತು ನೆಂಟಸ್ತಿಕೆ ಬರೆದಿದ್ದಾರೆ,
ಮದುವೆಮನೆಯಲ್ಲಿ ಮುಯ್ಯಿ ಬರೆಯುವ ಹಾಗೆ.

ಹೋದ ಧನುರ್ಮಾಸದ ಒಂದು ಮಂಗಳವಾರ
ಕಿಂಡಿಯೊಳಗೆ ಬಂದದ್ದು ಮುದಿ ಕೈ,
ಬೆರಳಿಗೆ ಸುತ್ತಿದ ಜಪಮಣಿ, ಉಗುರಿನಡಿ ಜೋಳದ ಹೊಲದ ಮಣ್ಣು.
"ಮೂರ್ ಟಿಕೇಟ್ ಕೊಡಪ್ಪ."
ಪಿರಿಯಾಪಟ್ಟಣದ ಸಂತೆಯಲ್ಲಿ ಪಳಗಿದ ಕನ್ನಡ.
ಇಪ್ಪತ್ತೈದರ ಪುಸ್ತಕಕ್ಕೆ ಕೈ ಹಾಕಿದವನು
ಮುಖ ನೋಡಿದೆ. ನೋಡಬಾರದಿತ್ತು.

"ಎಲ್ಲಿಂದ ಬಂದ್ರಿ?"
"ಬೈಲಕುಪ್ಪೆ."
"ಅದಕ್ಕೂ ಮುಂಚೆ?"
"ಮುಂಚೆ ಕಾಡಿತ್ತು. ನಾನು ಇಷ್ಟುದ್ದ ಹುಡುಗಿ.
ಅಪ್ಪ ಮರ ಕಡೀತಿದ್ದ, ರಾತ್ರಿ ಆನೆ ಬರ್ತಿತ್ತು."

ಮಗಳು ಹಿಂದೆ ಸುಮ್ಮನೆ ನಿಂತಿದ್ದಳು.
ಮೊಮ್ಮಗ ಒಂದು ಪುಸ್ತಕ ಬಿಚ್ಚಿ ಒಳತಳ್ಳಿದ:
ಸೀಲಿನ ಮೇಲೆ ಸೀಲು, ನವೀಕರಣದ ಮೇಲೆ ನವೀಕರಣ.
ಹುಟ್ಟಿದ್ದೆಲ್ಲಿ ಅಂದೆ. ಚೆಲುವಾಂಬ ಆಸ್ಪತ್ರೆ ಅಂದ.
ನಾನೂ ಅಲ್ಲೇ.

ಪಟ್ಟಿಯಲ್ಲಿ ಅವರ ದೇಶ ಹುಡುಕಿದೆ. ಇಲ್ಲ.
ಗೆದ್ದಲು ತಿಂದ ಅಂಚಿನಲ್ಲಿ ಇದ್ದಿತೋ ಏನೋ.
ಹಿಂದೆ ಮಳವಳ್ಳಿಯ ಶಾಲೆಮಕ್ಕಳ ಸಾಲು, ಮೇಷ್ಟ್ರ ಸೀಟಿ.
ಅಜ್ಜಿ ಕಿಂಡಿಗೆ ಬಾಗಿ ಮೆಲ್ಲಗೆ:
"ಮೂವತ್ತು ಚಳಿಗಾಲ ಟೌನ್‌ಹಾಲ್ ಹತ್ರ ಸ್ವೆಟರ್ ಮಾರಿದೀನಿ.
ನಾನೂರು ಹೇಳಿ ನೂರೈವತ್ತಕ್ಕೆ ಇಳಿದಿದೀನಿ.
ನೀನೆಷ್ಟಕ್ಕೆ ಇಳೀತೀಯ ಹೇಳು."

ಒಳಗಿರುವ ಕೇಶವನೂ ಮೂಲದವನಲ್ಲ.
ಮೂಲದವನನ್ನು ಯಾರೋ ಹೊತ್ತೊಯ್ದರು ಅಂತಾರೆ;
ಹೊರದೇಶದ ಯಾವ ಗಾಜಿನ ಹಿಂದೆ ನಿಂತಿದ್ದಾನೋ,
ಅಲ್ಲಿ ಅವನ ಪುಸ್ತಕಕ್ಕೆ ಸೀಲು ಒತ್ತುವವರು ಯಾರೋ.
ನಾನು ಹೋಗಿ ನೋಡುತ್ತೇನೆಂದರೆ
ವೀಸಾದ ದುಡ್ಡಿಗೆ ನನ್ನ ಎಷ್ಟು ತಿಂಗಳ ಸಂಬಳವೋ.

ಎರಡು ಇಪ್ಪತ್ತೈದು ಹರಿದೆ.
ಹುಡುಗ ಹದಿನಾಲ್ಕು ಅಂದೆ.
ಅವನಿಗೆ ಮೀಸೆಯಿತ್ತು.

ಮಧ್ಯಾಹ್ನ ಹೊರಬರುವಾಗ ಅಜ್ಜಿ ನಿಂತಳು:
"ಎಲ್ಲಾ ಮೂಗು ಮುರಿದವ್ರಲ್ಲಪ್ಪ ದೇವ್ರಿಗೆ.
ನಮ್ಮಲ್ಲೂ ಹಿಂಗೇ ಅಂತ ಅಮ್ಮ ಹೇಳೋಳು."
ಆಮೇಲೆ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದಳು.
"ಭಾರತೀಯರು" ಅಂತ ಅಚ್ಚಾದ ಸಾಲನ್ನು
ಮೊಮ್ಮಗನಿಂದ ಎರಡು ಸಲ ಓದಿಸಿ
ಮಡಚದೆ, ಆ ಸೀಲಿನ ಪುಸ್ತಕದ ನಡುವೆ ಇಟ್ಟಳು.

"ಇದು ಎಷ್ಟು ದಿವಸಕ್ಕಪ್ಪ?"
"ಇವತ್ತಿಗೆ ಮಾತ್ರ ಅಜ್ಜಿ," ಅಂದೆ,
"ಸಂಜೆ ಬಾಗಿಲು ಹಾಕೋ ತನಕ."